ಚೆಕಿಂಗ್ ಮೇಡಂ ಹಡಗು ಹತ್ತಿದ್ದು

ಲೋಕಲ್ ರೈಲಿನಲ್ಲಿ ಟಿಕೆಟ್ ನೋಡುವ ಕೆಲಸಕ್ಕೆ ಸೇರಿದ ಹದಿನಾಲ್ಕು ವರ್ಷಗಳಲ್ಲಿ ಚೆಕಿಂಗ್ ಮೇಡಂ ಭೂಮಿಗೆ ಎಂಟು ಸುತ್ತು ಹಾಕುವಷ್ಟು ದೂರ ಓಡಾಡಿದ್ದಳು. ತಲುಪಿದ್ದು ಮಾತ್ರ ಒಂದೋ ಮೊದಲ ನಿಲ್ದಾಣ, ಇಲ್ಲವೇ ಕೊನೆಯ ನಿಲ್ದಾಣ. ಎರಡರ ನಡುವೆ ಒಂದು ಗಂಟೆ ಹತ್ತು ನಿಮಿಷದ ದಾರಿ. ಆ ದಾರಿಯ ಮರಗಳಿಗೆ ಅವಳ ಗುರುತು ಎಷ್ಟಿತ್ತೆಂದರೆ, ಅವಳು ರಜೆ ಹಾಕಿದ ದಿನ ಎಲೆಗಳನ್ನು ಸ್ವಲ್ಪ ಕಡಿಮೆಯೇ ಅಲ್ಲಾಡಿಸುತ್ತಿದ್ದವು.

ಅವಳು ಬೋಗಿಗೆ ಕಾಲಿಟ್ಟರೆ ಟಿಕೆಟ್ ಇದ್ದವರ ಎದೆಯೂ ಒಮ್ಮೆ ಧಸಕ್ಕೆನ್ನುತ್ತಿತ್ತು. ಸುಳ್ಳನ್ನು ಅವಳು ಮೂಗಿನಿಂದಲೇ ಹಿಡಿಯುತ್ತಾಳೆಂಬ ಪ್ರತೀತಿ. ಅದರಲ್ಲೂ ಮಕ್ಕಳ ವಯಸ್ಸಿನ ಸುಳ್ಳು. "ಇವನಿಗಿನ್ನೂ ಐದು ತುಂಬಿಲ್ಲ ಮೇಡಂ" ಎಂದು ಮೀಸೆ ಚಿಗುರುತ್ತಿದ್ದ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆವರುತ್ತಿದ್ದ ತಂದೆಯರನ್ನು ಅವಳು ಕಂಡಿದ್ದಳು. ದೊಡ್ಡವರ ಜೊತೆ ವಾದಕ್ಕೇ ಇಳಿಯುತ್ತಿರಲಿಲ್ಲ. ಮಗುವಿನ ಮಟ್ಟಕ್ಕೆ ಬಗ್ಗಿ, "ಯಾವ ಕ್ಲಾಸು ಪುಟ್ಟಾ? ಟೀಚರ್ ಒಳ್ಳೆಯವರಾ?" ಎನ್ನುತ್ತಿದ್ದಳು. "ಮೂರನೇ ಕ್ಲಾಸು. ಟೀಚರ್ ತುಂಬಾ ಜೋರು" ಎಂದು ಮಗು ಎಲ್ಲವನ್ನೂ ಒಪ್ಪಿಸಿಬಿಡುತ್ತಿತ್ತು. ಅದೂ ಬೇಕಿರಲಿಲ್ಲ, ಅವಳಿಗೆ ಇನ್ನೊಂದು ಗುಟ್ಟು ಗೊತ್ತಿತ್ತು: ಸುಳ್ಳು ಹೇಳಲು ಹೊರಟ ತಂದೆತಾಯಿಯರು ಬಾಯಿ ತೆರೆಯುವ ಮುಂಚೆ ಮಗುವಿನ ತಲೆ ಸವರುತ್ತಾರೆ.

ಗಂಡ ಹಳೇ ಸೋಫಾಗಳನ್ನು ಬಿಚ್ಚಿ ಹೊಸದಾಗಿ ತುಂಬಿ ಹೊಲಿಯುವವನು. ಬೀದಿಯವರ ಬಾಯಲ್ಲಿ ಸೋಫಾ ಮೇಸ್ತ್ರಿ. ಯಾರ ಮನೆಗೆ ಹೋದರೂ ಕೂರುವ ಮೊದಲು ಒತ್ತಿ ನೋಡಿ, "ಸ್ಪ್ರಿಂಗು ಸತ್ತುಹೋಗಿದೆ, ಪಾಪ" ಎಂದು ಮರುಗುವ ಸಾಧು ಪ್ರಾಣಿ. ಚಿಂತೆ ಎಂಬುದು ಅವನ ಹತ್ತಿರ ಸುಳಿದದ್ದೇ ಇಲ್ಲ. ಇಬ್ಬರ ಪಾಲಿನದನ್ನೂ ಹೆಂಡತಿಯೇ ಮುಗಿಸಿಬಿಡುತ್ತಿದ್ದುದರಿಂದ ಅವನಿಗೆ ಏನೂ ಉಳಿಯುತ್ತಿರಲಿಲ್ಲ.

ಮಕ್ಕಳಿಬ್ಬರು. ಆರು ವರ್ಷದ ಮಗಳನ್ನು ಎಲ್ಲರೂ ಕರೆಯುವುದು ರೇಡಿಯೋ ಎಂದೇ. ಬೆಳಗ್ಗೆ ಅಪ್ಪ ಬಚ್ಚಲಲ್ಲಿ ಜಾರಿದರೆ, ಜಾರಿದ್ದು ಎಡಗಾಲೋ ಬಲಗಾಲೋ ಎಂಬುದು ಹತ್ತು ಗಂಟೆಯೊಳಗೆ ಹೆಡ್‌ಮಾಸ್ಟರ್‌ವರೆಗೆ ತಲುಪಿರುತ್ತಿತ್ತು. ಎರಡನೆಯವನು ಮೂರು ವರ್ಷದ ಗುಂಡ. ಎತ್ತಿಕೊಂಡವರು ಮಾರನೇ ದಿನ ಸೊಂಟ ಹಿಡಿದುಕೊಂಡು ಓಡಾಡುವಂತಹ ಗುಂಡ.

ಹಡಗಿನ ಮಾತು ಹುಟ್ಟಿದ್ದು ಎರಡು ವರ್ಷದ ಹಿಂದೆ. ಹದಿನಾಲ್ಕು ಅಂತಸ್ತಿನ ಪ್ರವಾಸಿ ಹಡಗಿನ ಚಿತ್ರ ತೋರಿಸಿ ಮಗಳು, "ಅಮ್ಮಾ, ಇದ್ರಲ್ಲಿ ಹೋಗೋಣ್ವಾ?" ಎಂದಿದ್ದಳು. ಮೇಡಂ ಬಟ್ಟೆ ಮಡಚುತ್ತಾ ಎಲ್ಲೋ ನೋಡಿಕೊಂಡು "ಹೂಂ" ಎಂದುಬಿಟ್ಟಳು. ಸಂಜೆಯೊಳಗೆ ಆ "ಹೂಂ" ಇಡೀ ಬೀದಿಗೆ ಪ್ರಸಾರವಾಯಿತು. ಮುಂದೆ ಟಿಕೆಟ್ ಆಯಿತು, ರಜೆ ಸಿಗದೆ ಒಮ್ಮೆ ಮುಂದೂಡಿದ್ದೂ ಆಯಿತು. ಇನ್ನೊಮ್ಮೆ ಮುಂದೂಡಲು ಹಡಗಿನ ಕಂಪನಿಯೂ ಒಪ್ಪುವಂತಿರಲಿಲ್ಲ, ಮಗಳಂತೂ ಶಾಲೆಯಲ್ಲಿ ಮುಖ ತೋರಿಸುವಂತಿರಲಿಲ್ಲ. ಐದು ದಿನದ ಪ್ರವಾಸ. ಹೋದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ತಯಾರಿ ಶುರುವಾಯಿತು. ಬೇರೆಯವರು ತಯಾರಿಯೆಂದರೆ ಬಟ್ಟೆ ಮಡಚಿಡುತ್ತಾರೆ. ಮೇಡಂ ಮೊದಲು ಮಾಡಿದ್ದು ಹಡಗಿನಲ್ಲಿ ಮಕ್ಕಳಿಗೆ ಏನೇನು ಆಗಬಹುದು ಎಂಬ ಪಟ್ಟಿ. ಅದು ಫ್ರಿಜ್ಜಿನ ಬಾಗಿಲು ತುಂಬಿ ಪಕ್ಕದ ಗೋಡೆಗೆ ಹರಿಯಿತು. ಬಾಲ್ಕನಿ ಇರುವ ಕ್ಯಾಬಿನ್ ಒಳ್ಳೆಯದು ಎಂದು ಗಂಡ ಹೇಳಿದ. ಅವಳು ಕಂಪನಿಗೆ ಫೋನ್ ಮಾಡಿ ಬಾಲ್ಕನಿ ಕಂಬಿಗಳ ನಡುವಿನ ಅಳತೆ ಕೇಳಿ, ಊಟದ ಕುರ್ಚಿಯ ಬೆನ್ನಿನ ಪಟ್ಟಿಗಳ ಅಷ್ಟೇ ಅಗಲದ ಸಂದಿಯಲ್ಲಿ ಗುಂಡನ ತಲೆ ತೂರಿಸಿ ನೋಡಿದಳು. ತಲೆ ಹೋಗಲಿಲ್ಲ. ಆದರೂ ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ನನ್ನೇ ಹಿಡಿದಳು. ಫೋನ್ ಮಾಡಿ ಮಾಡಿ, ಅತ್ತ ಕಡೆಯ ಹುಡುಗಿ ಇವಳ ಉಸಿರು ಕೇಳಿಯೇ "ಹೇಳಿ ಮೇಡಂ, ಇವತ್ತು ಏನು ಭಯ?" ಎನ್ನುವ ಮಟ್ಟಕ್ಕೆ ಬಂದಿದ್ದಳು.

ಎಲ್ಲಕ್ಕಿಂತ ದೊಡ್ಡ ಭಯ ಲೈಫ್ ಜಾಕೆಟ್‌ನದು. ಹಡಗಿನಲ್ಲಿ ಜಾಕೆಟ್ ಕೊಡುತ್ತಾರೆ, ಸರಿ. ಆದರೆ ಗುಂಡ ಹೊಸ ಬಟ್ಟೆ ಕಂಡರೆ ಕೈಕಾಲು ಸೆಟೆಸಿ ಹಲಗೆಯಂತಾಗುವವನು. ಹಡಗು ಮುಳುಗುವ ಹೊತ್ತಿನಲ್ಲಿ ಅವನನ್ನು ಪುಸಲಾಯಿಸುತ್ತಾ ಕೂರಲಾದೀತೆ?

"ರೀ, ಈಗಿಂದಲೇ ಅಭ್ಯಾಸ ಮಾಡ್ಸಬೇಕು. ಒಂದು ಹೊಲಿದುಕೊಡಿ."

"ಅಷ್ಟೇ ತಾನೇ? ಇವತ್ತೇ ಆಗೋಯ್ತು ಅಂದ್ಕೋ," ಎಂದ ಮೇಸ್ತ್ರಿ.

ಆ ಮನೆಯಲ್ಲಿ ಮಾತ್ರ ಆಗಬಹುದಾದ ಕೆಲಸ ಅದು. ಮೇಸ್ತ್ರಿ ಕೂತು ಯೋಚಿಸಿದ. ಸ್ಪಾಂಜು ನೀರು ಕುಡಿಯುತ್ತದೆ, ತೆಂಗಿನ ನಾರು ತೇಲುತ್ತದೆ. ಅಂಗಡಿಯ ಮೂಲೆಯಲ್ಲಿದ್ದ ಹಳೇ ಸೋಫಾದ ಹೊಟ್ಟೆ ಸೀಳಿ, ಒಣಗಿದ ನಾರನ್ನು ತೆಗೆದು, ಕಿತ್ತಳೆ ಬಣ್ಣದ ಬಟ್ಟೆಯೊಳಗೆ ಗಟ್ಟಿಯಾಗಿ ಜಡಿದು ಹೊಲಿದ. ಬೆನ್ನಿಗೆ ಎರಡು ಗುಂಡಿ, ಶೋಭೆಗೆ ಅಂಚಿನಲ್ಲಿ ಉಬ್ಬು ಪಟ್ಟಿಯ ಪೈಪಿಂಗು. ತೊಟ್ಟುಕೊಂಡ ಗುಂಡ ಥೇಟ್ ಒಂಟಿ ಕುರ್ಚಿಯ ದಿಂಬಿನಂತೆ ಕಾಣುತ್ತಿದ್ದ. ವಿಚಿತ್ರವೆಂದರೆ ಅವನಿಗೆ ಅದು ಬಹಳ ಹಿಡಿಸಿತು. ಬರಿಮೈ ಮೇಲೆ ತೊಟ್ಟವನು ಎಂಟು ದಿನ ಬಿಚ್ಚಲಿಲ್ಲ. ಅದರಲ್ಲೇ ಉಂಡ, ಅದರಲ್ಲೇ ಮಲಗಿದ, ಸ್ನಾನಕ್ಕೆ ಕರೆದರೆ ಮಾತ್ರ ಊರು ಒಂದು ಮಾಡಿದ. ಹೊರಡುವ ಹಿಂದಿನ ದಿನ ಅವನ ಕಣ್ಣು ತಪ್ಪಿಸಿ ಸೂಟ್‌ಕೇಸಿನ ತಳಕ್ಕೆ ಸೇರಿಸಬೇಕಾಯಿತು.

ಅದೇ ವಾರ ಗುಂಡನ ಶಿಶುವಿಹಾರದಿಂದ ಚೀಟಿ ಬಂದಿತ್ತು: ಇಬ್ಬರು ಮಕ್ಕಳಿಗೆ ಚಿಕನ್ ಪಾಕ್ಸ್ ಕಾಣಿಸಿಕೊಂಡಿದೆ, ಪೋಷಕರು ಗಮನಿಸಿ.

ಹೊರಡುವ ಬೆಳಗ್ಗೆ ಅಂಗಿ ತೊಡಿಸುವಾಗ ಮೇಡಂ ಗಮನಿಸಿದಳು. ಗುಂಡನ ಹೊಟ್ಟೆಯ ಮೇಲೆ ಮೂರು ಕೆಂಪು ಚುಕ್ಕೆ. ಕಣ್ಣುಜ್ಜಿಕೊಂಡು ನೋಡಿದಾಗ ಐದು. ಅವಳ ಕಾಲ ಕೆಳಗಿನ ನೆಲ, ಇನ್ನೂ ಹಡಗು ಹತ್ತದೆಯೇ, ಅಲ್ಲಾಡಿತು.

"ರೀ... ಇಲ್ಲಿ ಬನ್ನಿ ಸ್ವಲ್ಪ."

ಮೇಸ್ತ್ರಿ ಬಗ್ಗಿ ನೋಡಿದ. "ಸೊಳ್ಳೆ."

"ಎಲ್ಲಾ ಸೊಳ್ಳೆನೂ ಹೊಟ್ಟೆಗೇ ಕಚ್ಚುತ್ತಾ?"

"ಇವನ ಹೊಟ್ಟೆ ಬಿಟ್ಟು ಬೇರೆ ಜಾಗ ಎಲ್ಲಿದೆ ಹೇಳು."

ಅವಳಿಗೆ ನಗು ಬರಲಿಲ್ಲ. ಡಾಕ್ಟರಿಗೆ ತೋರಿಸಿ ಬರುವಷ್ಟು ಹೊತ್ತಿಲ್ಲ. ಬಂದರಿಗೇ ಎರಡು ಗಂಟೆಯ ದಾರಿ, ಹನ್ನೆರಡಕ್ಕೆಲ್ಲ ಸಾಲಿನಲ್ಲಿರಬೇಕೆಂದು ಕಂಪನಿಯ ತಾಕೀತು. ಹಡಗಿನ ಕಂಪನಿ ಕಳಿಸಿದ ಆರೋಗ್ಯದ ಫಾರಂ ಮೇಜಿನ ಮೇಲಿತ್ತು. ಕಳೆದ ಹದಿನಾಲ್ಕು ದಿನಗಳಲ್ಲಿ ಜ್ವರ, ವಾಂತಿ, ಭೇದಿ, ಮೈಮೇಲೆ ಗುಳ್ಳೆ? ಹೌದು. ಇಲ್ಲ. ಎರಡು ಪುಟ್ಟ ಚೌಕ. "ಹೌದು" ಎಂದರೆ ಹಡಗಿನ ಬಾಗಿಲಲ್ಲೇ ತಡೆಯುತ್ತಾರೆಂದು ಅವಳು ಹನ್ನೊಂದು ಸಲ ಓದಿ ತಿಳಿದುಕೊಂಡಿದ್ದಳು. ಹೊರಗೆ ರೇಡಿಯೋ ಮೆಟ್ಟಿಲ ಮೇಲೆ ನಿಂತು ಎದುರು ಮನೆಯವರಿಗೆ, "ನಾವು ಹೊರಟ್ವಿ! ಹಡಗಲ್ಲಿ ಎರಡು ಈಜುಕೊಳ ಇದೆ! ಒಂದು ನಂದೇ!" ಎಂದು ಬಿತ್ತರಿಸುತ್ತಿದ್ದಳು.

ಮೇಡಂ ಪೆನ್ನು ತೆಗೆದು "ಇಲ್ಲ" ಎಂಬ ಚೌಕಕ್ಕೆ ಗೀಟು ಎಳೆದಳು. ಎಳೆದ ಗೀಟು ಚೌಕ ದಾಟಿ ಹಾಳೆಯ ಅಂಚಿನವರೆಗೆ ಹೋಯಿತು.

ಟ್ಯಾಕ್ಸಿಯಲ್ಲಿ ಹೊರಟಾಗಿನಿಂದ ಅವಳು ಗುಟ್ಟು ಎಲ್ಲಿಂದ ಸೋರೀತೆಂದು ಲೆಕ್ಕ ಹಾಕತೊಡಗಿದಳು. ಗಂಡ ಬಾಯಿ ಬಿಡುವವನಲ್ಲ, ಗುಂಡನಿಗೆ ಮಾತು ಸಾಲದು. ಇದ್ದ ಅಪಾಯವೆಲ್ಲ ಕಿಟಕಿಯ ಪಕ್ಕ ಕೂತು ದಾರಿಯ ದನಗಳನ್ನು ಎಣಿಸುತ್ತಿತ್ತು.

"ಪುಟ್ಟಿ, ಇಲ್ಲಿ ಕೇಳು. ಅಲ್ಲಿ ಯಾರಾದ್ರೂ ತಮ್ಮನ ಬಗ್ಗೆ ಕೇಳಿದ್ರೆ, ಚೆನ್ನಾಗಿದ್ದಾನೆ ಅನ್ನು. ಅಷ್ಟೇ."

"ಗುಳ್ಳೆ ಇದೆಯಲ್ಲಮ್ಮಾ?"

"ಅದು ಗುಳ್ಳೆ ಅಲ್ಲ. ಸೊಳ್ಳೆ ಕಚ್ಚಿರೋದು."

"ಸೊಳ್ಳೆ ಕಚ್ಚಿದೆ ಅಂತ ಹೇಳ್ಲಾ?"

"ಸೊಳ್ಳೆ ಸುದ್ದಿನೂ ಬೇಡ. ಏನೂ ಇಲ್ಲ, ಚೆನ್ನಾಗಿದ್ದಾನೆ. ಎಲ್ಲಿ, ಹೇಳು?"

"ಏನೂ ಇಲ್ಲ, ಚೆನ್ನಾಗಿದ್ದಾನೆ."

"ಇನ್ನೊಂದು ಸಲ."

ಎರಡು ಗಂಟೆಯಲ್ಲಿ ನಲವತ್ತು ಸಲವಾದರೂ ಹೇಳಿಸಿರಬೇಕು. ಟ್ಯಾಕ್ಸಿ ಡ್ರೈವರಿಗೂ ಬಾಯಿಪಾಠವಾಗಿ, ಇಳಿಸುವಾಗ "ಏನೂ ಇಲ್ಲ ಮೇಡಂ, ಚೆನ್ನಾಗಿದ್ದಾನೆ" ಎಂದು ಹಲ್ಲು ಕಿರಿದ. ಮೇಸ್ತ್ರಿ ಮಾತ್ರ ಸೀಟಿನ ಹೊಲಿಗೆಯನ್ನೇ ಸವರುತ್ತಾ ಕೂತಿದ್ದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗೆ ಇರಲಿಲ್ಲ.

ಬಂದರಿನ ಟರ್ಮಿನಲ್‌ನಲ್ಲಿ ಸಾಲು ಹಾವಿನಂತೆ ಏಳೆಂಟು ಸುತ್ತು ಸುತ್ತಿಕೊಂಡಿತ್ತು. ಗಾಜಿನ ಗೋಡೆಯಾಚೆ ಹಡಗು. ಅದನ್ನು ಪೂರ್ತಿ ನೋಡಲು ಮೇಸ್ತ್ರಿ ಕತ್ತೆತ್ತಿದವನು ಹಿಂದಕ್ಕೆ ವಾಲಿ ಯಾರದೋ ಟ್ರಾಲಿಯ ಮೇಲೆ ಕೂತುಬಿಟ್ಟ. ಮೇಡಂ ಕಣ್ಣಿಗೆ ಹಡಗು ಬೀಳಲೇ ಇಲ್ಲ. ಅವಳು ನೋಡುತ್ತಿದ್ದುದು ಗುಂಡನ ಕೈಯನ್ನು. ಅದು ಅಂಗಿಯೊಳಗೆ ಹೋದಾಗಲೆಲ್ಲ ಮೆಲ್ಲಗೆ ಹೊರಗೆಳೆಯುತ್ತಿದ್ದಳು. ಸಾಲು ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು, ಅವಳ ಜೀವ ಎರಡು ಹೆಜ್ಜೆ ಹಿಂದೆ ಬರುತ್ತಿತ್ತು.

ಸಾಲಿನ ಕೊನೆಗೆ ಬಿಳಿ ಕೋಟಿನ ಒಬ್ಬ ನರ್ಸಮ್ಮ ಮೇಜು ಹಾಕಿಕೊಂಡು ಕೂತಿದ್ದರು. ಫಾರಂ ತೆಗೆದುಕೊಂಡು, ಚೌಕ ದಾಟಿ ಓಡಿಹೋದ ಗೀಟನ್ನು ಒಂದು ಕ್ಷಣ ನೋಡಿದರು. ಆಮೇಲೆ ತಾಯಿಯನ್ನು ಏನೂ ಕೇಳಲಿಲ್ಲ. ಮೇಜಿನ ಈಚೆಗೆ ಬಗ್ಗಿ, ರೇಡಿಯೋಳ ಕಣ್ಣಿನ ಮಟ್ಟಕ್ಕೆ ಬಂದು, "ಏನು ಪುಟ್ಟಾ, ಇದು ನಿನ್ನ ತಮ್ಮನಾ? ಹುಷಾರಾಗಿದ್ದಾನಾ ಇವ್ನು?" ಎಂದರು.

ಮೇಡಂಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿದಂತಾಯಿತು. ಅದೇ ಬಗ್ಗುವಿಕೆ, ಅದೇ ಸಕ್ಕರೆ ಸವರಿದ ದನಿ. ಸಿಕ್ಕಿಬಿದ್ದೆ ಎಂದುಕೊಂಡಳು. ತನ್ನ ಕೈ ಮಗಳ ತಲೆ ಸವರುತ್ತಿರುವುದು ಆಗ ಅವಳಿಗೆ ತಿಳಿಯಿತು. ಕೆಂಡ ಮುಟ್ಟಿದಂತೆ ಕೈ ಹಿಂದೆಗೆದಳು.

ಮಗಳು ನರ್ಸಮ್ಮನ ಕಣ್ಣಲ್ಲಿ ಕಣ್ಣಿಟ್ಟು, ರೆಪ್ಪೆ ಕೂಡ ಅಲ್ಲಾಡಿಸದೆ ಹೇಳಿದಳು: "ಏನೂ ಇಲ್ಲ, ಚೆನ್ನಾಗಿದ್ದಾನೆ. ಬೆಳಗ್ಗೆ ಎರಡು ಬ್ರೆಡ್ಡು ತಿಂದ. ಇನ್ನೊಂದು ಬೇಕು ಅಂತ ಅತ್ತ."

ನರ್ಸಮ್ಮ ನಕ್ಕು ಮುದ್ರೆಗೆ ಕೈ ಚಾಚಿದರು.

ಬೆಳಗ್ಗೆ ಗುಂಡ ಬ್ರೆಡ್ಡು ಮುಟ್ಟಿಯೇ ಇರಲಿಲ್ಲ. ಮನೆಯಲ್ಲಿ ಬ್ರೆಡ್ಡೇ ಇರಲಿಲ್ಲ.

ಹದಿನಾಲ್ಕು ವರ್ಷದಲ್ಲಿ ಮೇಡಂ ಲಕ್ಷ ಸುಳ್ಳು ಕೇಳಿದ್ದಳು. ಹೇಳಿಕೊಟ್ಟ ಸುಳ್ಳು ಮಕ್ಕಳ ಬಾಯಲ್ಲಿ ಕುಂಟುತ್ತದೆ, ಅದು ಅವಳಿಗೆ ಗೊತ್ತು. ಈ ಸುಳ್ಳು ಕುಂಟಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡು ನಡೆದುಬಂತು. ಬ್ರೆಡ್ಡು ಸೇರಿಸುವ ಕೈಚಳಕ ಇಪ್ಪತ್ತು ವರ್ಷ ಟಿಕೆಟ್ಟಿಲ್ಲದೆ ಓಡಾಡಿದ ಪಳಗಿದ ಆಸಾಮಿಗಳದು. ಅದು ತನ್ನ ಮಗಳಿಗೆ ಎರಡು ಗಂಟೆಯಲ್ಲಿ ಬಂದುಬಿಟ್ಟಿತ್ತು. ಹಡಗು ತಪ್ಪಿಹೋದೀತೆಂದು ಬೆಳಗ್ಗೆಯಿಂದ ನಡುಗುತ್ತಿದ್ದವಳಿಗೆ, ಹಡಗು ಸಿಕ್ಕ ಗಳಿಗೆಯಲ್ಲಿ ಅದಕ್ಕಿಂತ ದೊಡ್ಡ ನಡುಕ ಬಂತು.

"ಸಿಸ್ಟರ್, ಸ್ವಲ್ಪ ತಾಳಿ," ಎಂದಳು.

ಮುದ್ರೆ ಗಾಳಿಯಲ್ಲೇ ನಿಂತಿತು.

"ಮಗು ಹೇಳಿದ್ದು ಸುಳ್ಳು. ನಾನೇ ಹೇಳಿಕೊಟ್ಟಿದ್ದು. ಇವನ ಮೈಮೇಲೆ ಗುಳ್ಳೆ ಇದೆ. ಶಿಶುವಿಹಾರದಲ್ಲಿ ಇಬ್ಬರಿಗೆ ಚಿಕನ್ ಪಾಕ್ಸು."

ಹಿಂದಿನ ಸಾಲು ಒಮ್ಮೆಲೇ ಮೂರು ಮಾರು ಹಿಂದೆ ಸರಿಯಿತು. ಅಷ್ಟು ಶಿಸ್ತಾಗಿ ಸೈನ್ಯವೂ ಸರಿಯಲಾರದು. ಮೇಸ್ತ್ರಿ ಹೆಂಡತಿಯ ಪಕ್ಕಕ್ಕೆ ಬಂದು ನಿಂತ. ರೇಡಿಯೋ ಬಾಯಿ ತೆರೆದು ಅಮ್ಮನನ್ನೇ ನೋಡುತ್ತಿದ್ದಳು.

"ಫಾರಂನಲ್ಲಿ ಇಲ್ಲ ಅಂತ ಬರ್ದಿದ್ದೀರಲ್ಲಮ್ಮಾ?" ನರ್ಸಮ್ಮನ ದನಿಯಲ್ಲಿ ಸಕ್ಕರೆ ಇರಲಿಲ್ಲ.

"ಅದೂ ಸುಳ್ಳು."

ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಒಂದು ಮಂಚ, ಒಂದು ಗಡಿಯಾರ, ಒಂದು ಉದ್ದನೆಯ ಬೆಂಚು. ಹಡಗಿನ ಡಾಕ್ಟರು ಬರಬೇಕಿತ್ತು. ನಾಲ್ಕಕ್ಕೆ ಹಡಗಿನ ಬಾಗಿಲು ಮುಚ್ಚುತ್ತದೆ, ಗಡಿಯಾರದಲ್ಲಿ ಮೂರೂ ಐದು. ಆ ಗಡಿಯಾರದ ಮುಳ್ಳು ಮೇಡಂ ನೋಡದಿದ್ದಾಗ ಓಡುತ್ತಿತ್ತು, ನೋಡಿದಾಗ ಏನೂ ಅರಿಯದಂತೆ ನಿಲ್ಲುತ್ತಿತ್ತು.

"ಹೋಗಲ್ವಾ ನಾವು?" ಎಂದಳು ಮಗಳು.

"ಗೊತ್ತಿಲ್ಲ ಕಣೇ."

"ಹಾಗಾದ್ರೆ ಯಾಕೆ ಹೇಳ್ದೆ?"

ಮೇಡಂ ಮತ್ತೆ ಗಡಿಯಾರ ನೋಡಿದಳು. ಬೆಂಚಿನ ಮೆತ್ತೆ ಒತ್ತಿ ನೋಡುತ್ತಿದ್ದ ಮೇಸ್ತ್ರಿ, ಈಗ ಏನೂ ಹೇಳಬಾರದೆಂದು ಅರಿತು ಕೈ ಹಿಂದೆ ಕಟ್ಟಿಕೊಂಡ.

ಮೂರೂ ಮೂವತ್ತಕ್ಕೆ ಡಾಕ್ಟರು ಬಂದರು. ವಯಸ್ಸಾದವರು, ಅವಸರವೇ ತಿಳಿಯದ ನಡಿಗೆ. ಬಾಗಿಲಿನಿಂದ ಮಂಚಕ್ಕೆ ಅವರು ಬರುವಷ್ಟರಲ್ಲಿ ಮೇಡಂಗೆ ಹತ್ತು ವರ್ಷ ಹೆಚ್ಚಾಯಿತು. ಗುಂಡನ ಅಂಗಿ ಬಿಚ್ಚಿಸಿ, ಬಾಯಿ ನೋಡಿ, ಕೈಕಾಲು ನೋಡಿ, ತಲೆಗೂದಲು ಸರಿಸಿ ನೋಡಿದರು. ಜ್ವರ ನೋಡಿದರು. ಆಮೇಲೆ ಅವನ ಕೈ ಎತ್ತಿ ಕಂಕುಳ ಹತ್ತಿರ ಕನ್ನಡಕ ತಂದು, ಚಿಮಟದಿಂದ ಏನನ್ನೋ ಹಿಡಿದು ಎಳೆದರು. ಗುಂಡ "ಹಾ" ಎಂದ.

ಚಿಮಟದ ತುದಿಯಲ್ಲಿ ಒಂದು ಕಂದು ಎಳೆ.

"ಏನಿದು?" ಎಂದರು ಡಾಕ್ಟರು. "ಮುಖದ ಮೇಲಿಲ್ಲ, ತಲೇಲಿಲ್ಲ, ಕೈಕಾಲಲ್ಲಿ ಇಲ್ಲ. ಕುತ್ತಿಗೆಯಿಂದ ಸೊಂಟದವರೆಗೆ ಮಾತ್ರ, ಅದೂ ಗೆರೆ ಕೊರೆದ ಹಾಗೆ. ಏನು ತೊಡಿಸಿದ್ರಿ ಮಗುಗೆ?"

ಮೇಸ್ತ್ರಿ ಎದ್ದು ಬಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖದಲ್ಲಿ ಹಳೇ ಪರಿಚಯಸ್ಥರು ಸಿಕ್ಕ ಸಂತೋಷ ಅರಳಿತು.

"ಇದು ನಮ್ದೇ ನಾರು! ಆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಂದ ಬಂದ ಸೋಫಾದ್ದು. ಇಪ್ಪತ್ತೈದು ವರ್ಷ ಆದ್ರೂ ಹೆಂಗಿದೆ ನೋಡಿ ಡಾಕ್ಟ್ರೇ, ಒಂದು ಚೂರು ಮೆತ್ತಗಾಗಿಲ್ಲ!"

ಸೂಟ್‌ಕೇಸಿನ ತಳದಿಂದ ಕಿತ್ತಳೆ ಬಣ್ಣದ ಜಾಕೆಟ್ ಹೊರಬಂತು. ಡಾಕ್ಟರು ಅದರ ಒಳಗಡೆ ಕೈಯಾಡಿಸಿ, ಮುಳ್ಳುಹಂದಿ ಮುಟ್ಟಿದವರಂತೆ ಕೈ ಎಳೆದುಕೊಂಡರು. ಅದನ್ನು ಕಂಡದ್ದೇ ಗುಂಡ ಎರಡೂ ಕೈ ಚಾಚಿ "ನಂದು, ನಂದು" ಎಂದು ಮೊರೆಯಿಟ್ಟ.

"ಇದನ್ನ ಸಮುದ್ರಕ್ಕೆ ಎಸೆದ್ರೆ ಮೀನೂ ಕೆರ್ಕೊಂಡು ಸಾಯ್ತವೆ," ಎಂದು ಡಾಕ್ಟರು ಅದನ್ನು ಕಸದ ಡಬ್ಬಿಗೆ ಹಾಕಿಸಿದರು. ಹಚ್ಚಲು ಒಂದು ಮುಲಾಮು ಬರೆದು, ಫಾರಂನ ಮೇಲಿನ ಗೀಟು ಹೊಡೆದುಹಾಕಿ ಮೇಡಂಗೆ ಹೊಸ ಹಾಳೆ ಕೊಟ್ಟರು. "ಈ ಸಲ ಇರೋದನ್ನ ಬರೀರಿ. ನೀವು ಬಾಯಿ ಬಿಡದೆ ಹೋಗಿ, ಹಡಗಲ್ಲಿ ಯಾರಾದ್ರೂ ಈ ಚುಕ್ಕೆ ನೋಡಿದ್ರೆ, ನಾಲ್ಕೂ ಜನಾನ ಕ್ಯಾಬಿನ್ನಲ್ಲಿ ಹಾಕಿ ಐದು ದಿನ ಬೀಗ ಹಾಕ್ತಿದ್ವಿ. ನಿಮ್ಮದು ಕಿಟಕಿ ಇರೋ ಕ್ಯಾಬಿನ್ ತಾನೇ?"

ಮೇಡಂ ಬಗ್ಗಿ ಹೊಸ ಹಾಳೆ ತುಂಬತೊಡಗಿದಳು.

ಮೂರೂ ಐವತ್ತೆರಡಕ್ಕೆ ನಾಲ್ವರೂ ಹಡಗು ಹತ್ತಿದರು. ಹತ್ತಿದ್ದೆನ್ನುವುದಕ್ಕಿಂತ, ಮೇಸ್ತ್ರಿ ಗುಂಡನನ್ನು ಹೊತ್ತು, ಗುಂಡ ಜಾಕೆಟ್ಟಿನ ಶೋಕವನ್ನು ಹೊತ್ತು, ಮೇಡಂ ಉಳಿದದ್ದೆಲ್ಲವನ್ನೂ ಹೊತ್ತು ಒಳಗೆ ಬಿದ್ದರು ಎನ್ನಬೇಕು.

ಮಾರನೇ ದಿನ ಬೆಳಗ್ಗೆ ಸುತ್ತಲೂ ಬರೀ ನೀರು. ಮಕ್ಕಳ ಕೊಳ ಮೊಣಕಾಲುದ್ದವಿತ್ತು. ಹೊಸದಾಗಿ ಈಜುಚಡ್ಡಿ ತೊಟ್ಟ ಗುಂಡ ಅದರೊಳಗೆ ಕೂತಾಗ ನೀರು ಅರ್ಧ ಹೊರಗೆ ಹೋಯಿತು. ಮೇಸ್ತ್ರಿ ಡೆಕ್ಕಿನ ಆರಾಮ ಕುರ್ಚಿಯ ಹೊಲಿಗೆ ಪರೀಕ್ಷಿಸುತ್ತಾ ಹಾಗೆಯೇ ನಿದ್ದೆ ಹೋಗಿದ್ದ. ಮೇಡಂ ನಿಮಿಷಕ್ಕೆ ಮೂರು ಸಲ ತಲೆ ಎಣಿಸುತ್ತಿದ್ದಳು. ಒಂದು, ಎರಡು. ಮತ್ತೆ ಒಂದು, ಎರಡು. ಲೆಕ್ಕ ಸರಿಯಿತ್ತು, ಆದರೂ ಏನೋ ಕಡಿಮೆಯಿತ್ತು. ನಿನ್ನೆ ಸಂಜೆಯಿಂದ ರೇಡಿಯೋ ಬಂದ್ ಆಗಿತ್ತು. ಎರಡು ಈಜುಕೊಳ, ಮೂರು ಅಂತಸ್ತಿನ ಜಾರುಬಂಡಿ, ತಟ್ಟೆ ತುಂಬಾ ಐಸ್‌ಕ್ರೀಂ. ಒಂದರ ಬಗ್ಗೆಯೂ ಸುದ್ದಿಯಿಲ್ಲ.

"ಯಾಕೆ ಪುಟ್ಟಿ, ಮಾತೇ ಇಲ್ಲ?"

"ನಾನು ಎಷ್ಟು ಚೆನ್ನಾಗಿ ಹೇಳ್ದೆ," ಎಂದಳು ಮಗಳು ಐಸ್‌ಕ್ರೀಂ ಕಡೆಯೇ ನೋಡುತ್ತಾ. "ಆ ಸಿಸ್ಟರ್ ನಂಬಿದ್ರು. ನೀನೇ ಹಾಳು ಮಾಡ್ದೆ."

"ಬ್ರೆಡ್ಡು ಯಾಕೆ ಸೇರಿಸ್ದೆ?"

"ಸುಮ್ನೆ ಚೆನ್ನಾಗಿದ್ದಾನೆ ಅಂದ್ರೆ ಯಾರೂ ನಂಬಲ್ಲ. ತಿಂದ ಅಂದ್ರೆ ನಂಬ್ತಾರೆ." ಮಗಳ ಮುಖದಲ್ಲಿ ಲೆಕ್ಕ ಸರಿ ಬಂದವರ ಹೆಮ್ಮೆಯಿತ್ತು. "ಅದು ನೀನು ಹೇಳ್ಕೊಟ್ಟಿದ್ದಲ್ಲ. ನಾನೇ ಸೇರ್ಸಿದ್ದು."

ರೈಲಿನಲ್ಲಾಗಿದ್ದರೆ ಮೇಡಂ ಬಳಿ ಹತ್ತು ಮಾತು ಸಿದ್ಧವಿರುತ್ತಿತ್ತು. ಇಲ್ಲಿ ಇದ್ದದ್ದು ಒಂದೇ. "ನಿಂಗೆ ಹಾಗೆ ಹೇಳ್ಕೊಟ್ಟಿದ್ದು ನನ್ನ ತಪ್ಪು ಕಣೇ," ಎಂದಳು.

"ತಪ್ಪಾ? ದೊಡ್ಡದಾ ಚಿಕ್ಕದಾ?"

"ದೊಡ್ಡದೇ."

ಮಗಳು ಚಮಚ ಕೆಳಗಿಟ್ಟಳು. "ಅಪ್ಪ ಬೈದ್ರಾ ನಿಂಗೆ?"

ಇಬ್ಬರೂ ಆರಾಮ ಕುರ್ಚಿಯ ಕಡೆ ನೋಡಿದರು. ಮೇಸ್ತ್ರಿಯ ಬಾಯಿ ಒಂದು ಸಣ್ಣ ದೋಣಿ ಒಳಹೋಗುವಷ್ಟು ತೆರೆದಿತ್ತು.

"ಅಪ್ಪಂಗೆ ಬೈಯೋಕೆ ಬರಲ್ಲ," ಎಂದಳು ಮಗಳು. "ನಾನು ಬೈಲಾ?"

ಮೇಡಂ ತಲೆಯಾಡಿಸಿದಳು. "ಬೈ."

ರೇಡಿಯೋ ಎದ್ದು ನಿಂತಳು. ಬಾಯಿ ಒರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟಳು. "ಏನಮ್ಮಾ, ಗೊತ್ತಾಗಲ್ವಾ ನಿಂಗೆ? ಚಿಕ್ಕ ಮಕ್ಕಳಿಗೆ ಇಂಥದ್ದೆಲ್ಲಾ ಹೇಳ್ಕೊಡ್ತಾರಾ? ಗುಂಡಂಗೆ ನಿಜವಾಗ್ಲೂ ಚಿಕನ್ ಪಾಕ್ಸ್ ಬಂದಿದ್ರೆ? ಇಲ್ಲಿರೋ ಪಾಪುಗಳಿಗೆಲ್ಲಾ ಬರ್ತಿತ್ತು! ಆಗ ಏನ್ ಮಾಡ್ತಿದ್ದೆ?"

ಮೇಡಂ ಕೊಳದ ಕಡೆ ನೋಡಿದಳು. ಏಳೆಂಟು ಎಳೆಯ ತಲೆಗಳು. ಅಂಚಿನಲ್ಲಿ ಒಬ್ಬ ತಾಯಿ ಇನ್ನೂ ಕತ್ತು ನಿಲ್ಲದ ಕೂಸಿನ ಪಾದಗಳನ್ನು ನೀರಿಗೆ ತಾಗಿಸುತ್ತಿದ್ದಳು. ಫ್ರಿಜ್ಜಿನಿಂದ ಗೋಡೆಗೆ ಹರಿದ ಪಟ್ಟಿಯಲ್ಲಿ ತನ್ನ ಮಕ್ಕಳಿಗೆ ಆಗಬಹುದಾದ್ದೆಲ್ಲ ಇತ್ತು. ಈ ಕೂಸಿನ ಹೆಸರಲ್ಲಿ ಒಂದು ಸಾಲೂ ಇರಲಿಲ್ಲ.

ಡೆಕ್ಕಿನ ಅರ್ಧ ಜನ ಇತ್ತ ತಿರುಗಿದ್ದರು.

"ಮೆಲ್ಲಗೆ ಕಣೇ, ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ಮೆಲ್ಲಗೆ ಬೈದ್ರೆ ಬೈದ ಹಾಗೇ ಆಗಲ್ಲ," ಎಂದಳು ಮಗಳು. "ಇನ್ನೂ ಮುಗ್ದಿಲ್ಲ ನಂದು."

"ಸರಿ. ಹೇಳು," ಎಂದು ಮೇಡಂ ಒಂದು ಕೈಯಲ್ಲಿ ಗುಂಡನ ಒದ್ದೆ ಚಡ್ಡಿಯ ಲಾಡಿ ಬಿಗಿಯಾಗಿ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡಳು.